ಬಾಬಿನ್ ಎದೆಯ ಸದ್ದು

ನಾಯಿಮರಿಗಳು ಹುಟ್ಟುವ ಮೊದಲೇ ನನ್ನ ಹೆಂಡತಿ ಅವನ್ನು ಹಂಚಿಬಿಟ್ಟಿದ್ದಳು. ಒಂದು ಅವಳ ತಂಗಿಗೆ, ಒಂದು ಎದುರುಮನೆ ದರ್ಜಿಗೆ, ಎಲ್ಲಕ್ಕಿಂತ ಚೆಂದದ್ದು ನಮಗೆ. ದರ್ಜಿಯಂತೂ ಮರಿಯ ಕೊರಳಿಗೆ ಬೆಲ್ಟ್ ಹೊಲಿದಿಟ್ಟುಕೊಂಡು ದಿನಾ ನನ್ನ ತಲೆ ತಿನ್ನುತ್ತಿದ್ದ.

ಹೊಲಿಗೆ ಮೆಷಿನ್ ರಿಪೇರಿ ನನ್ನ ಕಸುಬು. ನಮ್ಮ ನಾಯಿಗೆ ಬಾಬಿನ್ ಅಂತ ಹೆಸರಿಟ್ಟಿದ್ದೂ ಅದಕ್ಕೇ. ಚಿಕ್ಕವಳಿದ್ದಾಗ ದಾರ ಸುತ್ತುವ ಬಾಬಿನ್ ಹಾಗೆ ಗಿರಗಿರ ತಿರುಗುತ್ತಿದ್ದಳು. ನಾನು ರಿಪೇರಿಗೆಂದು ಮನೆಮನೆ ಅಲೆಯುವಾಗ ಹೆಂಡತಿಗೆ ಅವಳೇ ಜೊತೆ. ನಮಗೆ ಮಕ್ಕಳಿಲ್ಲ.

"ಇವಳಿಗೂ ವಯಸ್ಸಾಗ್ತಾ ಬಂತು ರೀ. ಇವಳು ಹೋದ್ಮೇಲೆ ನಾನೇನು ಮಾಡ್ಲಿ? ಇವಳದ್ದೇ ಒಂದು ಮರಿ ಇರ್ಲಿ" ಎನ್ನುತ್ತಿದ್ದಳು ಹೆಂಡತಿ. ಗಂಡುನಾಯಿ ಹುಡುಕುವ ಮೊದಲು ಒಂದು ಮಾತು ಕೇಳೋಣವೆಂದು ಪಶುವೈದ್ಯರ ಹತ್ತಿರ ಹೋದೆವು.

ಡಾಕ್ಟರಮ್ಮ ವಯಸ್ಸು ಕೇಳಿದರು, ಹಲ್ಲು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು. ಇಟ್ಟವರು ತೆಗೆಯಲೇ ಇಲ್ಲ. ಫ್ಯಾನ್ ಆರಿಸಿ ಮತ್ತೆ ಕೇಳಿದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಮರಿ ವಿಷಯ ಕೇಳಲು ಬಂದರೆ ಇವರು ಎದೆಬಡಿತ ಹಿಡಿದು ಕೂತರಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

"ಇಲ್ಲಿ ಕೈ ಇಡಿ" ಎಂದು ಬಾಬಿನ್‌ಳ ಎಡಪಕ್ಕೆ ತೋರಿಸಿದರು. "ಏನಾದ್ರೂ ಗೊತ್ತಾಗತ್ತಾ?"

"ಗುಂಯ್ ಅನ್ನೋದು ತಾನೇ? ಅದು ನಮಗೆ ಗೊತ್ತು. ನಾನು ಕೈ ಇಟ್ಟಾಗೆಲ್ಲ ಅವಳಿಗೆ ಖುಷಿಯಾಗಿ ಎದೆ ಹಾಗನ್ನತ್ತೆ" ಎಂದೆ ಜಂಬದಿಂದ.

"ಕೈ ಇಡದಿದ್ದಾಗ್ಲೂ ಇರತ್ತೆ" ಎಂದರು ಅವರು ಮೆಲ್ಲಗೆ. "ಬೆಕ್ಕಿನ ಹಾಗೆ ನಾಯಿ ಖುಷಿಗೆ ಗುಂಯ್ ಅನ್ನಲ್ಲ. ಅದು ಹೃದಯದಲ್ಲಿ ರಕ್ತ ಸರಾಗವಾಗಿ ಹರೀದೆ ಬರೋ ನಡುಕ." ಸ್ಟೆತಸ್ಕೋಪನ್ನು ನನ್ನ ಕಿವಿಗೆ ಸಿಕ್ಕಿಸಿದರು.

ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಉಸ್ ಎನ್ನುವ ಸದ್ದು. ಇನ್ನೊಬ್ಬರ ಮೆಷಿನ್‌ನಲ್ಲಿ ಇಂಥದ್ದು ಕೇಳಿದ್ದರೆ ಬಾಗಿಲಲ್ಲೇ ನಿಂತು ಕಂಡುಹಿಡಿಯುತ್ತಿದ್ದೆ. ಸ್ವಂತ ನಾಯಿಯಲ್ಲಿ ಅದನ್ನೇ ಪ್ರೀತಿ ಅಂದುಕೊಂಡು ನಾಲ್ಕು ಜನರ ಮುಂದೆ ಕೊಚ್ಚಿಕೊಂಡಿದ್ದೆ. ನನ್ನ ಜಂಬ ಜರ್ರನೆ ಇಳಿಯಿತು.

"ಬಸಿರಾದ್ರೆ ಈ ಹೃದಯ ತಡ್ಕೊಳೋದು ಕಷ್ಟ. ಮರಿಗಳಿಗೂ ಇದು ಬರಬಹುದು. ಆ ಆಸೆ ಬಿಟ್ಬಿಡಿ" ಎಂದರು. "ಸ್ಕ್ಯಾನ್ ಮಾಡಿಸಿ, ಅದು ನೋಡಿ ಮಾತ್ರೆ ಕೊಡ್ತೀನಿ. ಜೋಪಾನ ಮಾಡಿದ್ರೆ ಇವಳು ಇನ್ನೂ ವರ್ಷಗಟ್ಲೆ ನಿಮ್ಮ ಜೊತೆ ಇರಬಹುದು."

ಹೆಂಡತಿ ಅತ್ತುಬಿಟ್ಟಳು. ಮರಿಗಳು ಕೈತಪ್ಪಿದ್ದಕ್ಕೆ ಎಂದುಕೊಂಡೆ. ಅವಳು ಬಾಬಿನ್‌ಳ ಕತ್ತು ತಬ್ಬಿಕೊಂಡು, "ನನಗೆ ಜೊತೆ ಬೇಕು ಅಂತ ನಿನ್ನ ಜೀವಕ್ಕೇ ಸಂಚಕಾರ ತರ್ತಿದ್ನಲ್ಲೇ" ಎಂದಳು. ಆಮೇಲೆ ಡಾಕ್ಟರಮ್ಮನ ಕೈ ಹಿಡಿದು, "ನೀವು ಸುಮ್ನೆ ಹೂಂ ಅಂದುಬಿಟ್ಟಿದ್ರೆ ನಮ್ಮ ಗತಿ ಏನಾಗ್ತಿತ್ತಮ್ಮ" ಎಂದಳು. ನಾನೂ ಕೈಮುಗಿದೆ. ಕುದಿದದ್ದೆಲ್ಲ ನೆನೆದು ನಾಚಿಕೆಯಾಯಿತು.

ದರ್ಜಿ ಮುಖ ಸಣ್ಣ ಮಾಡಿಕೊಂಡರೂ ಆ ಪುಟ್ಟ ಬೆಲ್ಟ್ ಬಿಚ್ಚಿ, ತುಂಡು ಸೇರಿಸಿ, ಬಾಬಿನ್‌ಳ ಕೊರಳಿಗಾಗುವಂತೆ ಹೊಲಿದುಕೊಟ್ಟ.

ಈಗಲೂ ಕೆಲಸ ಮುಗಿಸಿ ಬಂದವನು ಮೊದಲು ಅವಳ ಪಕ್ಕೆಗೆ ಕೈಯಿಡುತ್ತೇನೆ. ಡಾಕ್ಟರಮ್ಮ ತಣ್ಣಗಿರಲಿ ಎಂದು ಮನಸ್ಸು ಹಾರೈಸುತ್ತದೆ. ಯಾವ ಮೆಷಿನ್‌ನಲ್ಲೂ ಕೆಟ್ಟ ಸದ್ದು ಉಳಿಸಿ ಬಂದವನಲ್ಲ ನಾನು. ಇದೊಂದು ಸದ್ದು ಮಾತ್ರ ದಿನಾ ಕೈಗೆ ಸಿಗಲಿ ಎಂದು ಬೇಡಿಕೊಳ್ಳುತ್ತೇನೆ.

"ಇದೆಯೇನ್ರೀ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳುತ್ತಾಳೆ.

"ಇದೆ ಕಣೇ" ಎನ್ನುತ್ತೇನೆ.