ನೋಟ್‌ಬುರ್ಗಳ ಎಡ ಮೊಣಕಾಲು

ರೋಮೆಡ್ ಮೇಜಿನ ಮೇಲಿನ ದೇಹದ ಎಡ ಮೊಣಕಾಲನ್ನು ಸ್ವಲ್ಪ ಮಡಚಿ, ತೊಡೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಾಲನ್ನು ಮುಂದಕ್ಕೆಳೆದ. ತಡೆಯೇ ಇಲ್ಲದೆ ಬಂತು. ಇನ್ನೊಮ್ಮೆ ಎಳೆದ, ಮತ್ತೂ ಬಂತು. ಮೂಳೆಗಳನ್ನು ಬಿಗಿದಿಡುವ ಒಳಗಿನ ಲಿಗಮೆಂಟ್ ಎಂದೋ ಹರಿದುಹೋದ ಕಾಲು. ಬಲಗಾಲು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆ ವಯಸ್ಸಿನಲ್ಲಿ ಅಂಥ ಗಟ್ಟಿ ಮೊಣಕಾಲು ಸಿಗುವುದು ಅಪರೂಪ.

ಮೇಜಿನ ಮೇಲೆ ಮಲಗಿದ್ದವಳು ನೋಟ್‌ಬುರ್ಗ. ದಾನವಾಗಿ ಬಂದ ದೇಹಗಳಿಂದ ಮೊಣಕಾಲುಗಳನ್ನು ಆರಿಸಿ, ಯಂತ್ರಕ್ಕೆ ಕೂರಿಸಿ, ಎಷ್ಟು ಎಳೆತ ತಡೆಯುತ್ತವೆ ಎಂದು ನೋಡುವ ಕೆಲಸವನ್ನು ಇದೇ ಪ್ರಯೋಗಾಲಯದಲ್ಲಿ ಜೀವಮಾನವೆಲ್ಲ ಮಾಡಿದವಳು. ರೋಮೆಡ್‌ಗೆ ಕೆಲಸ ಕಲಿಸಿದವಳೂ ಅವಳೇ. ತನ್ನ ದೇಹವನ್ನೂ ಇಲ್ಲಿಗೇ ಬರೆದುಕೊಟ್ಟಿದ್ದಳು. ನೀನೇ ನೋಡಬೇಕೆಂದಿಲ್ಲ, ಬೇರೆ ಯಾರಾದರೂ ನೋಡುತ್ತಾರೆ ಎಂದು ಮೇಲಿನವರು ಹೇಳಿದ್ದರು. ಅಕ್ಕ ನನಗೇ ಹೇಳಿದ್ದಾಳೆ ಎಂದು ಇವನು ಬಿಟ್ಟುಕೊಟ್ಟಿರಲಿಲ್ಲ.

ಅವಳ ಮೇಲೆ ಬಟ್ಟೆ ಹೊದಿಸಿ, ಕರಿ ಕೋಟು ತೊಟ್ಟು, ಅವಳ ಊರಿನ ಬಸ್ಸು ಹತ್ತಿದ.

ಶವಪೆಟ್ಟಿಗೆ ಇಲ್ಲದ ಶವಸಂಸ್ಕಾರಕ್ಕೆ ಹಿಮದ ಬೆಟ್ಟಗಳ ನಮ್ಮ ಟಿರೋಲ್‌ನ ಜನ ಇನ್ನೂ ಒಗ್ಗಿಲ್ಲ. ಪೆಟ್ಟಿಗೆಯ ಮುಂದೆ ನಡೆದು ರೂಢಿಯಿದ್ದ ವಾದ್ಯದವರು ಯಾರ ಮುಂದೆ ನಡೆಯುವುದೆಂದು ತಿಳಿಯದೆ ಚರ್ಚಿನ ಅಂಗಳದಲ್ಲಿ ಪೆಚ್ಚಾಗಿ ನಿಂತಿದ್ದರು. ಕೊನೆಗೆ ನೋಟ್‌ಬುರ್ಗಳ ತಂಗಿ ಸೆಂಝಿಯೇ ಅಕ್ಕನ ಫೋಟೋವನ್ನು ಎದೆಗವಚಿಕೊಂಡು, ಊದ್ರಪ್ಪಾ, ಇವಳ ಮುಂದೆ ನಡೀರಿ ಎಂದಳು. ಊದಿದರು, ನಡೆದರು. ನೋಟ್‌ಬುರ್ಗಳ ಗಂಡ ಸೆರಾಫಿನ್ ಹಿಂದೆ ಬಂದ, ಒಂದು ಕೈ ಕೋಟಿನ ಜೇಬಿನಲ್ಲೇ ಇತ್ತು.

ಪ್ರಾರ್ಥನೆ ಮುಗಿದ ಮೇಲೆ ಸೆಂಝಿ ರೋಮೆಡ್‌ನ ತೋಳು ಹಿಡಿದು ಗೋಡೆಯ ಮರೆಗೆ ಎಳೆದಳು. ಕಾಲಿನ ಸಂಗತಿ ಕೇಳಿದಳು. ಬಲಗಾಲು ಆಯ್ಕೆಯಾಯಿತು, ಎಡಗಾಲು ಆಗುವುದಿಲ್ಲ ಎಂದ. ಅವಳ ಮುಖ ಬಾಡಿತು.

"ನೋಡಪ್ಪಾ," ಎಂದಳು, "ನಮ್ ಭಾವ ಕೇಳ್ತಾನೆ. ಎರಡೂ ತಗೊಂಡ್ವಿ ಅಂದ್ಬಿಡು. ನಿನ್ನ ಗಂಟೇನೂ ಹೋಗಲ್ಲ."

ಕಾರಣ ಹೇಳಿದಳು. ಮದುವೆಗೆ ಮುಂಚಿನ ಮಾತು. ಮಲೆಯ ಗುಡಿಸಲುಗಳಲ್ಲಿ ಬೇಸಿಗೆಯಲ್ಲಿ ಕೂಡಿಟ್ಟ ಹುಲ್ಲನ್ನು ಹಿಮ ಬಿದ್ದ ಮೇಲೆ ಜಾರುಬಂಡಿಯಲ್ಲಿ ಇಳಿಸುತ್ತಾರಲ್ಲ, ಆಗ ಸೆರಾಫಿನ್ ನೋಟ್‌ಬುರ್ಗಳನ್ನು ಪುಸಲಾಯಿಸಿ ಹುಲ್ಲಿನ ಮೇಲೆ ಕೂರಿಸಿಕೊಂಡಿದ್ದ. ತಿರುವಿನಲ್ಲಿ ಬಂಡಿ ಮಗುಚಿತು, ಅದರ ಕಬ್ಬಿಣ ಅವಳ ಎಡ ಮೊಣಕಾಲಿಗೆ ಬಡಿಯಿತು. ನಾನೇ ಹಾಳು ಮಾಡಿದೆ ಎಂಬ ಕೊರಗು ಅವನಿಗೆ ಇವತ್ತಿಗೂ ಹೋಗಿಲ್ಲ. ನಿಮ್ಮ ಯಂತ್ರಕ್ಕೆ ಆ ಕಾಲು ಆಗಿಬಂತು ಎಂದರೆ ಮುದುಕ ನೆಮ್ಮದಿಯಿಂದ ಮಲಗುತ್ತಾನೆ, ಅಷ್ಟೇ ಎಂದಳು.

ರೋಮೆಡ್ ತೋಳು ಬಿಡಿಸಿಕೊಂಡು, ಹೋಟೆಲಿನ ಕಡೆ ಹೊರಟ ಜನರನ್ನು ಕೂಡಿಕೊಂಡ.

*

ಅದು ರೋಮೆಡ್ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ. ಮಾಸಿದ ಗಾಯದ ಗೆರೆಯೊಂದನ್ನು ಚರ್ಮದ ಸುಕ್ಕು ಎಂದುಕೊಂಡು ಒಂದು ಮೊಣಕಾಲನ್ನು ಆರಿಸಿಬಿಟ್ಟಿದ್ದ. ಯಂತ್ರಕ್ಕೆ ಕೂರಿಸಿ ಎಳೆದಾಗ ಗೊತ್ತಾಯಿತು, ಅದು ಮೊದಲೇ ಕೆಟ್ಟ ಕಾಲು. ಪರೀಕ್ಷೆಯೆಲ್ಲ ನೀರುಪಾಲು.

ನೋಟ್‌ಬುರ್ಗ ಬೈಯಲಿಲ್ಲ. ಅದನ್ನು ಬಿಚ್ಚಿ, ಒಣಗದಂತೆ ಉಪ್ಪುನೀರಿನ ಬಟ್ಟೆ ಸುತ್ತಿ, ಆಮೇಲೆ ಕೂತು ಚರ್ಮವನ್ನು ಸಣ್ಣ ಸಣ್ಣ ಹೊಲಿಗೆ ಹಾಕಿ ಮುಚ್ಚಿದಳು. ಹೇಗೂ ದೇಹದ ಜೊತೆ ಸೇರಿ ಬೆಂಕಿಗೆ ಹೋಗುವಂಥದ್ದು. ಆದರೂ ಅವಳು ಯಾವುದನ್ನೂ ಹೊಲಿಯದೆ ಕಳಿಸಿದವಳಲ್ಲ.

"ಪಾಪ, ಅವರು ಕೊಟ್ರು. ನಾವು ದಂಡ ಮಾಡಿದ್ವಿ," ಎಂದಳು. ಆಮೇಲೆ ಲಂಗ ಸರಿಸಿ, ಎಡ ಮೊಣಕಾಲಿಗೆ ಕಾಲುಚೀಲದಂತೆ ಸದಾ ಏರಿಸಿಕೊಳ್ಳುತ್ತಿದ್ದ ಬೂದು ಉಣ್ಣೆಯ ಪಟ್ಟಿಯನ್ನು ಕೆಳಗಿಳಿಸಿ ಗಾಯ ತೋರಿಸಿದಳು. "ಇಂಥದ್ದು ಬಂದ್ರೆ ಏನ್ ಮಾಡ್ತೀಯ?"

"ಬಿಡ್ತೀನಿ."

"ಇದೇ ಬಂದ್ರೆ?"

ಅವನು ತಲೆ ತಗ್ಗಿಸಿದ.

"ಬಾಯಲ್ಲೇನು ಕಡುಬು ಇಟ್ಕೊಂಡಿದೀಯ?"

"ಬಿಡ್ತೀನಿ ಅಕ್ಕ."

"ಹಾಂ. ಇದು ಯಂತ್ರಕ್ಕಲ್ಲ, ಇದು ನನ್ನ ಸ್ವಂತದ್ದು. ಆ ಬಂಡಿ ಮಗುಚದೇ ಇದ್ದಿದ್ರೆ ಅವನನ್ನ ನಾನೆಲ್ಲಿ ಮದ್ವೆ ಆಗ್ತಿದ್ದೆ? ಬೆನ್ನ ಮೇಲೆ ಹೊತ್ತು ಇಳಿಸಿದ, ದಾರಿಯುದ್ದಕ್ಕೂ ಅಳ್ತಾ. ಊರು ಮುಟ್ಟೋ ಮುಂಚೆ ಮನಸ್ಸು ಮಾಡ್ಬಿಟ್ಟೆ. ಅವನಿಗೆ ಹೇಳಿಲ್ಲ, ಹೇಳಿದ್ರೆ ತಲೆ ಮೇಲೆ ಕೂರ್ತಾನೆ," ಎಂದು ಪಟ್ಟಿಯನ್ನು ಮೇಲಕ್ಕೆಳೆದುಕೊಂಡಳು.

*

ಹೋಟೆಲಿನ ಉದ್ದ ಮೇಜಿನಲ್ಲಿ ಸಾವಿನ ಊಟ ನಡೆದಿತ್ತು. ಸೂಪು, ಬೇಯಿಸಿದ ದನದ ಮಾಂಸ, ರೊಟ್ಟಿ. ಜನ ಮೆಲ್ಲಗೆ ಮಾತಿಗಿಳಿದಿದ್ದರು. ಸೆರಾಫಿನ್ ಸೂಪು ಮುಟ್ಟಿರಲಿಲ್ಲ. ಜೇಬಿನಿಂದ ಬೂದು ಉಣ್ಣೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ.

"ಇದನ್ನ ಅವಳ ಜೊತೆ ಕಳಿಸೋದೋ ಏನೋ ಗೊತ್ತಾಗ್ಲಿಲ್ಲ. ಆ ಕಾಲು... ಆಯ್ತಾ, ರೋಮೆಡ್?"

ಎದುರಿಗೆ ಕೂತ ಸೆಂಝಿ ಕಣ್ಣಲ್ಲೇ ಹೂಂ ಅನ್ನು ಎಂದಳು. ಒಂದು ಮಾತು, ಅಷ್ಟೇ. ಯಾರೂ ಹೋಗಿ ನೋಡುವುದಿಲ್ಲ. ಆದರೆ ನೋಟ್‌ಬುರ್ಗಳಿಗೇ ಕೊಟ್ಟ ಮಾತನ್ನು ಅವಳ ಸಾವಿನ ಊಟದ ಮೇಜಿನಲ್ಲೇ ಮುರಿಯುವುದು ರೋಮೆಡ್‌ಗೆ ಆಗಲಿಲ್ಲ.

"ಬಲಗಾಲು ಆಯ್ತು ಸೆರಾಫಿನಣ್ಣ. ಎಡಗಾಲನ್ನ ನಾನೇ ಬೇಡ ಅಂದೆ."

ಸೆಂಝಿ ಚಮಚ ಕೆಳಗಿಟ್ಟಳು. ಮುದುಕ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದ. ನಾನು ಹಾಳು ಮಾಡಿದ್ದು ಎಂದು ಶುರುಮಾಡಿದ.

"ಇಲ್ಲ, ಕೇಳಿ," ಎಂದ ರೋಮೆಡ್. ಲಂಗ ಸರಿಸಿ ಗಾಯ ತೋರಿಸಿದ ದಿನವನ್ನು ಹೇಳಿದ. ಬೆನ್ನ ಮೇಲೆ ಹೊತ್ತದ್ದು, ಅತ್ತದ್ದು, ಊರು ಮುಟ್ಟುವ ಮುಂಚೆಯೇ ಅವಳು ಮನಸ್ಸು ಮಾಡಿದ್ದು, ಯಂತ್ರಕ್ಕಲ್ಲ, ಇದು ನನ್ನ ಸ್ವಂತದ್ದು ಎಂದದ್ದು. ಹೇಳಿದರೆ ತಲೆ ಮೇಲೆ ಕೂರುತ್ತಾನೆ ಅಂದದ್ದನ್ನೂ ಬಿಡಲಿಲ್ಲ.

ಸೆರಾಫಿನ್ ಸೂಪಿನ ಬಟ್ಟಲನ್ನು ಬದಿಗೆ ಸರಿಸಿದ.

"ಊರು ಮುಟ್ಟೋ ಮುಂಚೆನೇ?" ಎಂದ. "ನಾನು ಈಸ್ಟರ್ ತನಕ ಅವಳ ಬಾಗಿಲು ಕಾದೆನಲ್ಲೋ." ನಗುತ್ತಿದ್ದನೋ ಅಳುತ್ತಿದ್ದನೋ, ಎರಡೂ ಇತ್ತು. ಕಣ್ಣೊರೆಸಿಕೊಂಡು, "ಹಾಗಾದ್ರೆ ಎಡಗಾಲು ನನಗೇ ಉಳೀತು," ಎಂದ.

ಕುರ್ಚಿ ಹಿಂದಕ್ಕೆ ಸರಿಸಿ, ಬೂಟು ಬಿಚ್ಚಿ, ಪಟ್ಟಿಯನ್ನು ಕರಿ ಪ್ಯಾಂಟಿನ ಮೇಲೇ ಎಡಗಾಲಿಗೆ ಏರಿಸತೊಡಗಿದ. ಮೀನಖಂಡದಲ್ಲಿ ಸಿಕ್ಕಿಕೊಂಡಿತು. ಎಳೆದ, ಬರಲಿಲ್ಲ. ಸೆಂಝಿ ಎದ್ದು ಬಂದು, ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಭಾವ ಎಂದು ಗೊಣಗುತ್ತ ಅವನ ಮುಂದೆ ಮಂಡಿಯೂರಿ ಕೂತಳು. ಎರಡೂ ಕೈಯಿಂದ ಪಟ್ಟಿಯನ್ನು ಹಿಗ್ಗಿಸಿ, ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆಳೆದು, ಮೊಣಕಾಲಿನ ಮೇಲೆ ಸರಿಯಾಗಿ ಕೂರಿಸಿದಳು.