ಕೊಬ್ಬಿಗಂಟಿದ ಮರಳು

ಚಟಚಟ, ಚಟಚಟ, ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ, ನೀರೊಳಗಿನ ಸಿಗಡಿಗಳ ಗಲಾಟೆ, ಮಾಡಿಕೊಳ್ಳಲಿ ಬಿಡು, ಆ ಗದ್ದಲದಡಿ ತಾನು ಪೆಟ್ಟಿಗೆಯ ಯಂತ್ರದಿಂದ ನೀರಿಗೆ ಬಿಟ್ಟ ದನಿ ಎಲ್ಲಿದೆಯೆಂದು ಲುಲುವಾಳ ಕಿವಿಗೆ ಗೊತ್ತು, ಇಪ್ಪತ್ತು ವರ್ಷದಿಂದ ಈ ಕುವೈತ್ ಕೊಲ್ಲಿಯ ತಳವನ್ನು ಕೂಗಿ ಮಾತಾಡಿಸಿದವಳು, ಸಣ್ಣ ದನಿ ಮೇಲಿನ ಮರಳಿಗೆ ಬಡಿದು ಟಣ್ಣನೆ ವಾಪಸ್, ದಪ್ಪ ದನಿ — ಇಗೋ, ಮತ್ತೆ ಅದೇ, ಮರಳು ದಾಟಿ ಇಳಿಯಿತು, ತಡವಾಗಿ, ಸೋತು ಬಂತು, ಒಂದು ಮಾರು ಮರಳು, ಅದರಡಿ ಮೊಸರಿನಂಥ ಕೆಸರು, ಆರು ಸಲ ಕೇಳಿದ್ದಾಯಿತು, ಎಂಟೇ ಮಾರು ನೀರಿನಲ್ಲಿ ದನಿ ಮೇಲೂ ಕೆಳಗೂ ಪುಟಿದು ಗೋಜಲಾಗುತ್ತದೆ ನಿಜ, ಗೋಜಲು ಬಿಡಿಸುವುದೇ ಅವಳ ಕಸುಬಲ್ಲವೇ, ಮಧ್ಯಾಹ್ನದ ನಮಾಜಾದೊಡನೆ ಯಜಮಾನ ದುವೈಜ್ ತನ್ನ ತೈಲಬಾವಿ ಕೊರೆಯುವ ವೇದಿಕೆಯ ಮೂರು ಕಾಲು ಇಲ್ಲೇ ಊರುತ್ತಾನಂತೆ, ಊರಿದರೆ ಒಂದು ಕಾಲು ಮರಳಿನ ಸಿಪ್ಪೆ ಒಡೆದು ಕುಸಿಯುತ್ತದೆ, ಮೇಲೆ ನಲವತ್ತು ಜನ.

ಅತ್ತ ಅಪ್ಪ, ಹಾಯಿಹಡಗಿನ ಕಾಲದ ನಾಖುದಾ, ಕಪ್ತಾನ, ಗಾನಿಮ್, ದುವೈಜ್ ಮರ್ಯಾದೆಗೆಂದು ಈ ಅಳತೆಯ ಹಡಗಿಗೆ ಕರೆತಂದದ್ದು, ಸುಮ್ಮನಿರುತ್ತಾನೆಯೇ, ಆಳ ನೋಡುವ ಹಗ್ಗದ ಸೀಸದ ಗುಂಡಿನ ಕುಳಿಗೆ ಕುರಿಯ ಬಾಲದ ಕೊಬ್ಬು ಮೆತ್ತಿ ಇಳಿಬಿಟ್ಟ, ಎಳೆದ, ಬಿಳಿ ಕೊಬ್ಬಿನ ತುಂಬ ಬಿಳಿ ಮರಳು, ನಾಲಿಗೆಗೆ ಹಚ್ಚಿ ನೋಡಿ, ಗಟ್ಟಿ ನೆಲ ಕಣಪ್ಪ, ಒಂಟೆ ಮಂದೆ ನಿಲ್ಲಿಸಬಹುದು ಎಂದ, ದುವೈಜ್ ನಕ್ಕ, ನಿನ್ನ ಪೆಟ್ಟಿಗೆಗಿಂತ ನಿಮ್ಮಪ್ಪನ ನಾಲಿಗೆ ಹಳೇದು ತಾಯಿ — ಹಳೇದೇ, ಅದಕ್ಕೇ ಭಯ, ಕೊಬ್ಬಿಗೆ ಅಂಟುವುದು ಮೇಲಿನ ಚರ್ಮ ಮಾತ್ರ, ಅಂದೂ ಹೀಗೇ ಬಿಳಿ ಮರಳು ಅಂಟಿತ್ತು, ಏಳು ವರ್ಷದ ಅವಳು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದಳು, ಇಲ್ಲೇ ಲಂಗರು ಹಾಕೋ ಎಂದು ಅಪ್ಪ ಪಕ್ಕದ ದೋಣಿಯಲ್ಲಿದ್ದ ತಮ್ಮನಿಗೆ ಕೂಗಿದ್ದ, ರಾತ್ರಿ ಬಿರುಗಾಳಿಗೆ ಲಂಗರು ಕಿತ್ತು ಆ ದೋಣಿ ಬಂಡೆಗೆ ಬಡಿಯಿತು, ಮಿಶಾರಿ ಚಿಕ್ಕಪ್ಪ ಬರಲಿಲ್ಲ, ಲಂಗರು ಸಿಕ್ಕಿತು, ಮೈತುಂಬ ಬೂದು ಕೆಸರು, ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಿಲ್ಲ, ಎತ್ತಿದರೆ ಮುದುಕನ ಎದೆ ಒಡೆಯುತ್ತದೆ, ಅಯ್ಯೋ, ಎತ್ತದಿದ್ದರೆ ನಲವತ್ತು ಮನೆ — ಕಿವಿಗೆ ಹಾಕಿದ್ದ ಹೆಡ್‌ಫೋನ್ ತೆಗೆದಿಟ್ಟಳು, ಎದ್ದು ಅಪ್ಪನೆದುರು ನಿಂತಳು.

ಯುಬಾ, ಅಪ್ಪಾ, ಚಿಕ್ಕಪ್ಪನ ಲಂಗರಿಗೆ ಯಾವ ಮಣ್ಣು ಅಂಟಿತ್ತು?

ಅಪ್ಪ ಅವಳನ್ನು ನೋಡಲಿಲ್ಲ, ದುವೈಜ್‌ನನ್ನೂ ನೋಡಲಿಲ್ಲ, ಈ ಮೌನ ಎಷ್ಟು ಆಳವೆಂದು ಯಾವ ದನಿ ಬಿಟ್ಟು ಅಳೆಯಲಿ, ತನ್ನ ಕಿವಿ ತಪ್ಪಿಲ್ಲ, ಅದಂತೂ ಖಂಡಿತ, ಮಗಳು ಹೇಳಿದ ಕಡೆ ಊರಪ್ಪ ಎಂದ ಅಪ್ಪ ಮೆಲ್ಲಗೆ, ಗುಂಡನ್ನು ಮಡಿಲಿಗಿಟ್ಟುಕೊಂಡ, ಹೆಬ್ಬೆರಳಿನಿಂದ ಮರಳು ಕೆರೆಯತೊಡಗಿದ, ಕೆರೆದ, ಕೆರೆದ, ಕೊಬ್ಬು ಬೆಳ್ಳಗೆ ನುಣ್ಣಗಾಯಿತು, ಒಂದೇ ಒಂದು ಹರಳು ಉಳಿಯಿತು, ಅಪ್ಪನ ಬೆರಳು ಅದರ ಮೇಲೆ ನಿಂತಿತು.