ಎಸಿಗೆ ಹೊಲಿದ ಅಂಗಿ

ಅಳಿಯ ಗೋದಾಮಿನ ಮೇಲ್ವಿಚಾರಕ. ಸರಕಿಗೆಲ್ಲ ಹೊದಿಕೆ ಹೊದಿಸಿ ಹೊದಿಸಿ, ಮನೆಯಲ್ಲೂ ಬರಿಮೈಯ ವಸ್ತು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಫ್ರಿಜ್ಜಿಗೊಂದು ಹೊದಿಕೆ, ಮಿಕ್ಸಿಗೊಂದು, ರಿಮೋಟಿಗೆ ಪ್ಲಾಸ್ಟಿಕ್ಕಿನದು. ತುಂಬಿದ ಬಸುರಿ ಮಗಳನ್ನು ನೋಡಿಕೊಳ್ಳಲು ಬಂದ ಅತ್ತೆ ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು ಎಂದು ನೆನಪಾದದ್ದೇ ತಡ, ಹೊಸ ಎಸಿಯ ಅಳತೆ ತಂದು ಅವಳ ಕೈಗಿಟ್ಟ. ದಪ್ಪ ಬಟ್ಟೆ ಇರಬೇಕು, ತಲೆ ಪೂರ್ತಿ ಮುಚ್ಚಬೇಕು, ಗಾಳಿ ಬರುವ ಬಾಯಿ ಮಾತ್ರ ತೆರೆದಿರಬೇಕು. ಅಂಚಿಗೆ ನೆರಿಗೆ ಬೇಕೆಂದವನೂ ಅವನೇ.

ಅಂಗಿ ತೊಟ್ಟ ಮೂರನೆಯ ದಿನವೇ ಎಸಿಯೊಳಗೆ ಬೆಳ್ಳಗೆ ಹಿಮ ಕಟ್ಟಿತು. ಬಾಯಿಂದ ಗಾಳಿಯಿಲ್ಲ, ಗೋಡೆಯ ಮೇಲೆ ತೊಟ ತೊಟ ನೀರು. ಮಗಳಿಗೆ ಸೆಕೆಯಲ್ಲಿ ಅಂದಿನಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ. ಕಾಲು ಬಾತಿದೆ. ಹೇಗಾದರೂ ಸರಿ, ಇವಳು ನಿದ್ದೆ ಮಾಡಲೇಬೇಕು ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು.

"ತಂಪು ಸಾಲ್ತಿಲ್ಲ ಅಂದ್ರೆ ಇನ್ನೂ ಇಳಿಸ್ಬೇಕು," ಎಂದು ಅಳಿಯ ಹದಿನಾರಕ್ಕೆ ಇಳಿಸಿದ. ಹಿಮ ಇನ್ನಷ್ಟು ದಪ್ಪವಾಯಿತು.

"ರೀ, ಮೆಕ್ಯಾನಿಕ್‌ನಾದ್ರೂ ಕರೀರಿ," ಎಂದಳು ಮಗಳು.

ಮೆಕ್ಯಾನಿಕ್‌ನ ಕೈಯ ಮಸಿ ತಾಗೀತೆಂದು ಅಳಿಯ ಮೊದಲೇ ಅಂಗಿ ಬಿಚ್ಚಿ, ಮಡಿಸಿ ಬೀರುವಿನಲ್ಲಿಟ್ಟ. ಮೆಕ್ಯಾನಿಕ್ ಹಿಮ ಕರಗಲು ಬಿಟ್ಟು, ಜಾಲರಿ ತೊಳೆದು, ಗ್ಯಾಸ್ ನೋಡಿ, ಯಂತ್ರ ಹಾಕಿದ. ತಣ್ಣನೆ ಗಾಳಿ ಬಂತು.

"ಏನೂ ತೊಂದ್ರೆ ಇಲ್ಲ ಸಾರ್."

ಅವನು ಮೆಟ್ಟಿಲಿಳಿದನೋ ಇಲ್ಲವೋ, ಅಳಿಯ ಅಂಗಿ ತೊಡಿಸಿದ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಿಮ. ಮರುದಿನವೂ ಇದೇ ಕಥೆ. ಮೂರನೆಯ ಸಲ ಮೆಕ್ಯಾನಿಕ್ ತಲೆ ಕೆರೆದುಕೊಂಡ.

"ನಾನಿದ್ದಾಗ ಚೆನ್ನಾಗೇ ಇರುತ್ತಲ್ಲ ಸಾರ್! ಇದಕ್ಕೆ ನಿಮ್ಮನ್ನ ಕಂಡ್ರೇ ಆಗಲ್ವೇನೋ."

ಅಂದು ಅಂಗಿ ತೊಡಿಸಿ ಗುಂಡಿ ಹಾಕುವ ಕೆಲಸ ಅತ್ತೆಯ ಪಾಲಿಗೆ ಬಂತು. ಸ್ಟೂಲು ಹತ್ತಿ, ಓಡುತ್ತಿದ್ದ ಎಸಿಯ ತಲೆಯ ಮೇಲೆ ಕೈಯಾಡಿಸಿದಳು. ಬೆರಳಿಗೆ ಅಂಟಿದ್ದ ಒಂದು ದಾರದೆಳೆಯನ್ನು ಅಲ್ಲಿನ ಸಂದಿ ಸರಕ್ಕನೆ ಎಳೆದುಕೊಂಡಿತು. ಬಿಡಿಸಿ ಹಿಡಿದರೆ ಮತ್ತೆ ಅಲ್ಲಿಗೇ. ಅವಳಿಗೆ ಹೊಳೆಯಿತು. ಇದು ಉಸಿರೆಳೆಯುವುದು ತಲೆಯ ಮೇಲಿಂದ. ಅಲ್ಲಿಗೇ ತಾನು ಎರಡು ಪದರ ಬಟ್ಟೆ ಕೊಟ್ಟು ಹೊಲಿದಿದ್ದೇನೆ. ಮಗಳ ನಿದ್ದೆಗೆ ತನ್ನದೇ ಹೊಲಿಗೆ ಕಲ್ಲು ಹಾಕಿದೆ.

"ಅಳಿಯಂದಿರೇ, ಈ ಅಂಗಿ ಬೇಡ ಅನ್ಸುತ್ತೆ. ಅದಕ್ಕೆ ಉಸಿರು ಕಟ್ತಿದೆ."

"ಅತ್ತೆ, ಧೂಳಿನ ವಿಷಯ ನಂಗೆ ಬಿಡಿ. ಹದಿನೈದು ವರ್ಷದ ಸರ್ವಿಸು! ನಮ್ಮ ಗೋದಾಮಲ್ಲಿ ಒಂದು ಮೂಟೆಗಾದ್ರೂ ಉಸಿರು ಕಟ್ಟಿದೆಯಾ?"

ಮೂಟೆಯ ಜೊತೆ ವಾದಿಸಬಹುದು, ಇವನ ಜೊತೆಯಲ್ಲ ಎಂದುಕೊಂಡು ಅವಳು ಅಂಗಿ ತೊಡಿಸಿ ಗುಂಡಿ ಹಾಕಿದಳು.

ಮರುದಿನ ಅವನು ಕೆಲಸಕ್ಕೆ ಹೋದದ್ದೇ ಅಂಗಿ ಬಿಚ್ಚಿ, ಎಸಿ ಆರಿಸಿ, ಕೆಳಗೆ ಬೋಗುಣಿ ಇಟ್ಟು ಕೂತಳು. ಹಿಮ ಕರಗುವಷ್ಟರಲ್ಲಿ ಅಂಗಿಯ ತಲೆಯನ್ನು ಕತ್ತರಿಯಿಂದ ಪೂರ್ತಿ ಕತ್ತರಿಸಿ ತೆಗೆದಳು. ನೆರಿಗೆ ಮುಟ್ಟಲಿಲ್ಲ. ಕೆಳಗೆ ನಿಂತು ನೋಡುವವರಿಗೆ ಕಾಣುವುದು ಅದೊಂದೇ. ಮತ್ತೆ ತೊಡಿಸಿ ಇಪ್ಪತ್ತೈದಕ್ಕಿಟ್ಟಳು. ಕೋಣೆ ತಂಪಾಯಿತು. ಮಗಳು ಮಗ್ಗುಲಾದವಳು ಎರಡೇ ನಿಮಿಷಕ್ಕೆ ಗೊರಕೆ ಹೊಡೆದಳು.

ಅತ್ತೆ ಬಾಗಿಲ ಬಳಿ ಕೂತು ಕತ್ತರಿಸಿದ ಬಟ್ಟೆಯಲ್ಲಿ ಕೂಸಿಗೊಂದು ಟೋಪಿ ಕತ್ತರಿಸುತ್ತಿದ್ದಾಗ ಅಳಿಯ ಬಂದ. ಗಾಳಿಗೆ ಕೈಯೊಡ್ಡಿ, ನೆರಿಗೆ ನೋಡಿ, ಮುಖವರಳಿಸಿದ.

"ನೋಡಿದ್ರಾ ಅತ್ತೆ? ಹದಿನಾರಕ್ಕಿಟ್ಟು ಪಟ್ಟು ಹಿಡಿದಿದ್ದಕ್ಕೇ ಬಗ್ಗಿತು! ತಾಳಿ, ಇವಳನ್ನ ಎಬ್ಬಿಸಿ ಹೇಳ್ತೀನಿ."

ಅಳಿಯನೆದುರು ಇಷ್ಟು ವರ್ಷ ದನಿಯೇರಿಸದ ಅತ್ತೆ ಎದ್ದು ಅಡ್ಡ ನಿಂತಳು. ಕತ್ತರಿ ಕೈಯಲ್ಲೇ ಇತ್ತು.

"ಎಬ್ಬಿಸಿ ನೋಡಿ!"

ಅಳಿಯ ತುದಿಗಾಲಲ್ಲಿ ಹಜಾರಕ್ಕೆ ಸರಿದ. ಅಲ್ಲಿಂದ ಮೆಕ್ಯಾನಿಕ್‌ಗೆ ಫೋನು ಹಚ್ಚಿ, ಎಸಿಯನ್ನು ತಾನು ಹೇಗೆ ರಿಪೇರಿ ಮಾಡಿದೆ ಎಂದು ಪಿಸುದನಿಯಲ್ಲಿ ಅರ್ಧ ಗಂಟೆ ವಿವರಿಸಿದ.